ಓದದೆ ಬಿಟ್ಟ ಫೈಲು

ಪಿ.ಜೆ. ಬಡಾವಣೆಯ ಆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಸಂಜೆ ಬಾಗಿಲು ಹಾಕುವ ಮುಂಚೆ ಮುರುಗೇಶಪ್ಪ ಅಂದಿನ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹೆಸರು ಕೂಗಬೇಕು. ಉಳಿದವರಲ್ಲಿ ಒಬ್ಬರು ಆ ಹೆಸರಿನ ರಿಪೋರ್ಟು ಹೋಗಿದ್ದನ್ನು ಕಣ್ಣಾರೆ ನೋಡಿ ‘ಹೋತು’ ಎನ್ನಬೇಕು. ನಲವತ್ತು ಹೆಸರಿದ್ದರೂ ಅಷ್ಟೆ, ಇನ್ನೂರಿದ್ದರೂ ಅಷ್ಟೆ. ಎಲ್ಲ ಮುಗಿದ ಮೇಲೆ ಮುದುಕ ರಿಜಿಸ್ಟರು ಮುಚ್ಚಿ, ಅದರಲ್ಲಿಲ್ಲದ ಇನ್ನೊಂದು ಹೆಸರು ಕೂಗುತ್ತಾನೆಂದು ಕೃತಿಕಾ ಕೇಳಿದ್ದಳೇ ಹೊರತು ನೋಡಿರಲಿಲ್ಲ. ಕೆಲಸಕ್ಕೆ ಸೇರಿ ಹತ್ತು ದಿನವಾಗಿತ್ತು, ಐದೂವರೆಗೆಲ್ಲ ಸ್ಕೂಟಿ ಹತ್ತಿ ಮನೆ ಸೇರಿಬಿಡುತ್ತಿದ್ದಳು.

ಆವತ್ತು ಮಳೆ ಅವಳನ್ನು ಬಿಡಲಿಲ್ಲ. ನಾಲ್ಕಕ್ಕೆ ಹಿಡಿದದ್ದು ಆರಾದರೂ ನಿಲ್ಲದೆ, ರಸ್ತೆಯ ನೀರು ಮೆಟ್ಟಿಲಿಗೆ ಬಂದು, ಕರೆಂಟೂ ಹೋಗಿ, ಯುಪಿಎಸ್ಸು ಕುಂಯ್ ಕುಂಯ್ ಎನ್ನುತ್ತ ಕೂತಿತ್ತು. ಮಷೀನು ನೋಡಿಕೊಳ್ಳುವ ವಾಣಿ ಅಲ್ಲೇ ಇದ್ದಳು. ಹರಿಹರ, ಮಲೆಬೆನ್ನೂರಿನಿಂದ ಬೈಕಿನಲ್ಲಿ ರಕ್ತದ ಟ್ಯೂಬು ತರುವ ಅಬ್ರಾರ್, ಎರಡು ಮಕ್ಕಳ ತಂದೆ, ಒದ್ದೆ ಅಂಗಿಯಲ್ಲೇ ಬೆಂಚಿನ ತುದಿಗೆ ಕೂತು ಪೇಪರು ಬಿಚ್ಚಿ ಮಂಡಕ್ಕಿ ಮಿರ್ಚಿ ಹರಡಿದ. ಮುರುಗೇಶಪ್ಪ ಎಪ್ಪತ್ತು ದಾಟಿದ ಮನುಷ್ಯ. ಮೂವತ್ತು ವರ್ಷ ಹರಿಹರದ ಜನರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆದವನು, ಈಗ ಕಣ್ಣು ಮಸುಕಾದ ಮೇಲೆ ಇಲ್ಲಿ ರಿಜಿಸ್ಟರು ಬರೆಯುತ್ತಾನೆ.

ಕೃತಿಕಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ಮಾಲೀಕರು ಅವಳನ್ನು ತಂದು ಕೂರಿಸಿದ್ದೇ ಮಷೀನಿನ ಫೈಲುಗಳನ್ನು ಓದಿ ರಿಪೋರ್ಟು ಮಾಡಿ ಕಳಿಸುವ ಸ್ಕ್ರಿಪ್ಟು, ಅಂದರೆ ಚಿಕ್ಕದೊಂದು ಪ್ರೋಗ್ರಾಮು, ಬರೆಯಲೆಂದು. ಇವತ್ತು ಓಡದಿದ್ದರೆ ನಾಳೆಯಿಂದ ಬರುವುದು ಬೇಡ ಎಂದೂ ಅವರು ಬೆಳಿಗ್ಗೆ ನಗುತ್ತಲೇ ಹೇಳಿದ್ದರು. ಎರಡು ವರ್ಷ ಮನೆಯಲ್ಲಿ ಕೂತು ಕಂಡವರ ಮಾತು ಕೇಳಿ ಸಿಕ್ಕ ಮೊದಲ ಕೆಲಸ ಇದು. ಮೂರು ಗಂಟೆಗೆ ಸ್ಕ್ರಿಪ್ಟು ಒಂದು ಫೈಲಿನ ಹತ್ತಿರ ನಿಂತಿತು. ಮತ್ತೆ ಓಡಿಸಿದಳು, ಮತ್ತೆ ಅಲ್ಲೇ ನಿಂತಿತು. ಮೂರೂವರೆಗೆ ಅವಳು ಎರಡು ಸಾಲು ಸೇರಿಸಿದಳು: ಓದಲು ಬಾರದ ಫೈಲನ್ನು ಬಿಟ್ಟು ಮುಂದಕ್ಕೆ ಹೋಗು. ಆಮೇಲೆ ಎಲ್ಲ ನೀರು ಹರಿದ ಹಾಗೆ ಹೋಯಿತು. ಪರದೆಯ ಮೇಲೆ ‘ಎಲ್ಲಾ ಮುಗಿದಿದೆ’ ಎಂದು ಬಂತು, ಮಾಲೀಕರು ಬೆನ್ನು ತಟ್ಟಿ ಹೋದರು. ಬಿಟ್ಟ ಫೈಲನ್ನು ಆಮೇಲೆ ನೋಡಿದರಾಯಿತು ಎಂದುಕೊಂಡಿದ್ದಳು, ನೋಡಿರಲಿಲ್ಲ.

“ಅಜ್ಜಾರೆ, ಈಗ ಕಂಪ್ಯೂಟರೇ ಎಲ್ಲಾ ಕಳಿಸ್ತದಲ್ರಿ. ಇನ್ನೂ ಯಾಕ ಹೆಸರು ಕೂಗ್ತೀರಿ?” ಎಂದು ಮಾತಿಗೆ ಕೇಳಿದಳು.

ವಾಣಿಯ ಕೈ ಮಂಡಕ್ಕಿಯಲ್ಲೇ ನಿಂತಿತು. ಅಬ್ರಾರ್ ಮುದುಕನ ಕಡೆ ನೋಡಿ, “ಹೇಳಿಬಿಡ್ರಿ ಅಜ್ಜಾರ, ಆ ಸೀಟಿನಾಗ ಕೂಡೋರಿಗೆ ಗೊತ್ತಿರ್ಲಿ” ಅಂದ.

ಮುರುಗೇಶಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದ. ಹೇಳುವ ಇಷ್ಟವಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಆದರೂ ಹೇಳಿದ.

“ನಾಲ್ಕು ವರ್ಷದ ಹಿಂದಿನ ಮಾತಮ್ಮ. ನೀ ಕುಂತಿಯಲ್ಲ, ಆ ಜಾಗದಾಗ ನಾಗಭೂಷಣ ಅಂತ ಒಬ್ಬ ಕೂಡ್ತಿದ್ದ. ಎಸ್.ಎಸ್. ಬಡಾವಣೆಯವ, ಮೂವತ್ತರ ಆಸುಪಾಸು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಒಳ್ಳೆ ಮನುಷ್ಯ. ಕೆಟ್ಟೋನಾಗಿದ್ರೆ ಈ ಕತೆ ಹೇಳೋಕೆ ನನಗಿಷ್ಟು ಕಷ್ಟ ಆಗ್ತಿರಲಿಲ್ಲ... ಮಷೀನು ಒಬ್ಬೊಬ್ಬರ ರಕ್ತಕ್ಕೂ ಒಂದೊಂದು ಫೈಲು ಬರೀತದಂತೆ, ಎಕ್ಸ್‌ಎಂಎಲ್ ಅಂತ ಅದಕ್ಕ ಹೆಸರು. ಅದ್ರಾಗ ಒಂದೊಂದು ಮಾತಿಗೂ ಒಂದು ಬಾಗಿಲು ತೆಗಿತಾರೆ, ಮಾತು ಮುಗಿದ ಮ್ಯಾಲೆ ಆ ಬಾಗಿಲು ಹಾಕ್ತಾರೆ. ಹೆಸರಿಗೊಂದು, ವಿಳಾಸಕ್ಕೊಂದು, ಪ್ಲೇಟ್ಲೆಟ್ಟಿಗೊಂದು. ನಡುವೆ ಒಂದು ಬರಬಾರದ ಗುರುತು ಬಂತೋ, ಓದೋ ಸ್ಕ್ರಿಪ್ಟು ಅಲ್ಲೇ ಕುಂತುಬಿಡ್ತದೆ, ಒಂದು ಹೆಜ್ಜೆ ಮುಂದಕ್ಕೆ ಇಡಲ್ಲ. ಹೌದಲ್ಲಮ್ಮ?”

ಕೃತಿಕಾ ಹೌದೆಂದು ತಲೆಯಾಡಿಸಿದಳು.

“ಆ ವರ್ಷ ಡೆಂಗಿ ಅಂದ್ರೆ ಎಂಥ ಡೆಂಗಿ ಅಂತೀಯ... ಮನೆಮನೆಗೂ ಇಬ್ಬಿಬ್ಬರು ಮಲಗಿದ್ರು. ದಿನಕ್ಕೆ ಮುನ್ನೂರು ಟ್ಯೂಬು ಬರ್ತಿದ್ವು. ಹಿಂಗಿರಬೇಕಾದ್ರೆ ಒಂದು ದಿನ ಅವನ ಸ್ಕ್ರಿಪ್ಟು ನಲವತ್ತೇಳನೇ ಫೈಲಿಗೆ ನಿಂತಿತು. ಎಷ್ಟು ಸಲ ಓಡಿಸಿದ್ರೂ ನಲವತ್ತೇಳು. ಹಿಂದೆ ಇನ್ನೂರೈವತ್ತು ಕಾಯ್ತಾ ಅದಾವೆ, ಫೋನ್ ಮ್ಯಾಲೆ ಫೋನು, ಮಾಲೀಕರು ನಿಂತಲ್ಲೇ ಕೂಗಾಡ್ತಾರೆ. ಅವ ಏನು ಮಾಡಿದ ಗೊತ್ತೇನು? ಎರಡು ಸಾಲು ಬರೆದ. ಓದಕ್ಕಾಗದ್ದು ಬಿಡು, ಮುಂದಕ್ಕೆ ನಡಿ... ಅಷ್ಟೇ. ಎಲ್ಲಾ ಹೋತು. ಬಿಟ್ಟಿದ್ದನ್ನ ಸಂಜೆ ನೋಡ್ತೀನಿ ಅಂದ. ಸಂಜೆ ಯಾರಿಗೆ ನೆನಪಿರ್ತದೆ?

“ಬಿಟ್ಟಿದ್ದು ಯಾರನ್ನ ಅಂತೀಯ? ಹರಿಹರದ ಸರ್ವಮಂಗಳಮ್ಮ. ಐವತ್ತೆಂಟು ವರ್ಷ. ಗಂಡ ರಾಮಚಂದ್ರಪ್ಪ, ಕಿರಾಣಿ ವ್ಯಾಪಾರ. ನಮ್ಮ ಹರಿಹರದ ಜನಕ್ಕ ಒಂದು ಚಾಳಿ ಐತೆ ನೋಡು, ವಿಳಾಸ ಕೇಳಿದ್ರೆ ಮನೆ ನಂಬರ್ ಹೇಳಲ್ಲ, ಯಾವ ಅಂಗಡಿ ಹಿಂದೆ, ಯಾವ ಅಂಗಡಿ ಮುಂದೆ ಅಂತಾರೆ. ಅಲ್ಲಿ ಕೌಂಟರಿನಾಗ ಅದನ್ನ ಬೋರ್ಡಿನ ಮ್ಯಾಲೆ ಇದ್ದಂಗೇ ಬರ್ಕಳ್ತಾರೆ. ‘ಮಸ್ತಾನಸಾಬ್ & ಸನ್ಸ್, ಗಾದಿ ಅಂಗಡಿ ಹಿಂದೆ’. ಅಪ್ಪ ಮಕ್ಕಳ ನಡುವೆ ಆ ಗಂಟಿನಂಥ ಗುರುತು ಇರ್ತದಲ್ಲ, ಅದನ್ನ ಸ್ಕ್ರಿಪ್ಟಿಗೆ ಓದಕ್ಕ ಬರಂಗಿಲ್ಲಂತೆ. ಆ ಓಣಿಯಿಂದ ಯಾರೇ ರಕ್ತ ಕೊಟ್ಟಿದ್ರೂ ಹಿಂಗೇ ಆಗ್ತಿತ್ತು. ಆವತ್ತು ಕೊಟ್ಟೋಳು ಆಯಮ್ಮ.

“ರಕ್ತ ತೆಗೆದೋನು ನಾನು.”

ಹೊರಗೆ ಮಳೆ ತಗಡಿನ ಮೇಲೆ ಒಂದೇ ಸಮನೆ ಬೀಳುತ್ತಿತ್ತು.

“ಆಯಮ್ಮ ಕೇಳಿದ್ಲು, ಯಾವಾಗ ಬರ್ತದೆ ಯಜಮಾನ್ರೇ ಅಂತ. ನಾ ಹೇಳ್ದೆ... ಸಂಜೆ ಐದರೊಳಗೆ ಮೊಬೈಲಿಗೆ ಬರ್ತದಮ್ಮ, ಬರಲಿಲ್ಲ ಅಂದ್ರೆ ಏನೂ ಇಲ್ಲ ಅಂತ ತಿಳ್ಕಳ್ರಿ. ಯಾಕ ಹಂಗಂದೆ? ಇಪ್ಪತ್ತು ಮಂದಿ ಸಾಲಾಗಿ ನಿಂತಿದ್ರು, ಬಾಯಿಗೆ ಬಂದದ್ದು ಅಂದೆ. ಆಯಮ್ಮಂದು ಪ್ಲೇಟ್ಲೆಟ್ಟು ಒಂಬತ್ತು ಸಾವಿರ ಇತ್ತು. ಒಂದೂವರೆ ಲಕ್ಷ ಇರಬೇಕಾದ ಜಾಗದಾಗ ಒಂಬತ್ತು ಸಾವಿರ. ಅಷ್ಟು ಕಮ್ಮಿ ಬಂದ್ರೆ ಡಾಕ್ಟರಿಗೆ ತಾನೇ ತಿಳಿಸ್ಬೇಕು ಅಂತ ಸ್ಕ್ರಿಪ್ಟಿನಾಗ ಇತ್ತು. ಆದ್ರೆ ಆ ಫೈಲನ್ನ ಅದು ಓದೇ ಇಲ್ಲವಲ್ಲ... ಮೂರು ದಿನ ಐದು ಗಂಟೆಗೆ ಆಯಮ್ಮ ಮೊಬೈಲು ಕೈಯಾಗ ಹಿಡ್ಕಂಡು ಮನೆ ಮುಂದಿನ ಕಟ್ಟೆ ಮ್ಯಾಲೆ ಕುಂತಿದ್ಲಂತೆ. ಜ್ವರ ಬಿಟ್ಟಿತ್ತು. ರಿಪೋರ್ಟೂ ಬರಲಿಲ್ಲ, ಅಂದಮ್ಯಾಲೆ ಏನೂ ಇಲ್ಲ ಅಂತ ಮನೇರಿಗೆಲ್ಲ ಹೇಳಿದ್ಲು. ಮೂರನೇ ದಿನ ಆ ಕಟ್ಟೆ ಮ್ಯಾಲೇ ಒರಗಿಬಿಟ್ಲು.

“ಆಯಮ್ಮ ಸತ್ತದ್ದು ನನಗೆ ಗೊತ್ತಾಗಿದ್ದು ಹನ್ನೊಂದನೇ ದಿನ. ಬಂದು ನಾಗಭೂಷಣಗೆ ಹೇಳ್ದೆ. ಹುಡುಕಿ ತೆಗೆದ. ಆ ನಂಬರ್ ನೋಡಿ ಮುಖ ಬಿಳಿಚಿಕೊಂತು. ಅವರ ಮನೆಗೆ ಹೋಗಿ ತಪ್ಪು ಒಪ್ಕಂಡು ಬರೋಣ ನಡಿ ಅಂದೆ. ಕೆಲಸ ಹೋಗ್ತದೆ ಅಜ್ಜಾರೆ, ಪೊಲೀಸ್ ಕೇಸಾಗ್ತದೆ ಅಂತ ಕೈ ಮುಗಿದ. ನನ್ನ ಕಣ್ಣ ಮುಂದೇನೇ ಆ ಫೈಲು ಅಳಿಸಿ ಹಾಕಿದ. ನಾನೇನು ಸತ್ಯವಂತನಾ? ನಾನೂ ಸುಮ್ಮನಾದೆ. ನನಗೂ ಮನೆ ಇತ್ತು, ಮಠ ಇತ್ತು.

“ಮರುದಿನ ಹರಿಹರದಾಗ ಇಪ್ಪತ್ಮೂರು ಜನಕ್ಕ ರಕ್ತ ತೆಗೆದೆ. ರ್‍ಯಾಕ್ ಎಣಿಸಿದ್ರೆ ಇಪ್ಪತ್ನಾಲ್ಕು ಟ್ಯೂಬು. ಒಂದರ ಮ್ಯಾಲೆ ಚೀಟಿ ಇಲ್ಲ. ನೇರಳೆ ಮುಚ್ಚಳ, ತುಂಬಾ ರಕ್ತ. ಉಳಿದವೆಲ್ಲ ಐಸ್ ಡಬ್ಬಿಯಾಗ ತಣ್ಣಗಾಗಿದ್ವು. ಅದೊಂದು ಬಿಸಿ ಇತ್ತಮ್ಮ... ಈಗ ತೋಳಿಂದ ತೆಗೆದಂಗೆ.”

“ಮಷೀನಿಗೆ ಹಾಕಿದ್ದು ನಾನೇ,” ಎಂದಳು ವಾಣಿ ಮೆಲ್ಲಗೆ. “ಆಗ ಹೊಸಬಳು. ಚೀಟಿ ಬಿದ್ದೋಗೈತೆ ಅಂದ್ಕಂಡೆ. ಎಂಟು ಸಾವಿರ ಬಂತು. ಹೆಸರಿನ ಜಾಗದಾಗ ನಾನೇನೂ ಹೊಡೆದಿರಲಿಲ್ಲ. ಫೈಲು ತೆಗೆದ್ರೆ ಸರ್ವಮಂಗಳಮ್ಮ ಅಂತಿತ್ತು.”

“ನಾಗಭೂಷಣ ಅದನ್ನೂ ಅಳಿಸಿದ. ಮರುದಿನ ಮತ್ತೊಂದು ಟ್ಯೂಬು, ಏಳು ಸಾವಿರ. ಅದರ ಮರುದಿನ ಆರು. ದಿನಕ್ಕೊಂದು ಸಾವಿರ ಇಳೀತಾ ಬಂತು. ಸುಟ್ಟು ಬೂದಿಯಾದೋರ ರಕ್ತದಾಗ ಇಳಿಯೋಕೆ ಇನ್ನೇನು ಉಳಿದಿರ್ತದೆ ಹೇಳ್ರಿ? ಯಾರ ಹತ್ರ ಹೇಳೋದು? ಸಂಜೆ ಐದಾತು ಅಂದ್ರೆ ಅವನ ಮೊಬೈಲು ಹೊಡ್ಕಳ್ತಿತ್ತು. ಎತ್ತಿದ್ರೆ ಕೂಗಾಟ ಇಲ್ಲ, ಬೈಗುಳ ಇಲ್ಲ. ಒಬ್ಬ ಹೆಂಗಸು ಭಾಳ ಮರ್ಯಾದೆಯಿಂದ ಕೇಳ್ತಿದ್ಲು... ‘ನಮ್ದು ಬಂತೇನ್ರಿ?’ ಅಂತ. ಇವ ಇಲ್ರೀ ಅಂತಿದ್ದ. ಒಂದಿನ ತಡೀಲಾರದೆ ‘ಹೋಗೈತೆ, ಆವತ್ತೇ ಕಳಿಸೀವಿ’ ಅಂತ ಸುಳ್ಳು ಹೇಳಿಬಿಟ್ಟ. ಆವತ್ತಿಂದ ಫೋನು ನಿಂತಿತು.

“ನಿಂತಿತು ಅಂತ ಅವ ಖುಷಿಪಟ್ಟ. ಒಂದು ಸಾವಿರ ಬಂದ ಮರುದಿನ ಟ್ಯೂಬೂ ಬರಲಿಲ್ಲ. ಪೀಡೆ ತೊಲಗಿತು ಅಂತ ನನಗೆ ಚಾ ಕುಡಿಸಿದ. ಚಾ ಲೋಟ ಹಿಡಿದ ಕೈ ಕೆಂಡದಂಗೆ ಸುಡ್ತಿತ್ತು. ಜ್ವರ.

“ನಾನೇ ರಕ್ತ ತೆಗೆದೆ. ಚೀಟಿ ನಾನೇ ಬರೆದೆ, ನಾಗಭೂಷಣ, ಎಸ್.ಎಸ್. ಬಡಾವಣೆ, ದಾವಣಗೆರೆ. ಮನೆಗೆ ಹೋಗಿ ಮಲಗಿದ. ಐದಕ್ಕೆ ರಿಪೋರ್ಟು ಬರಲಿಲ್ಲ. ಮನೆಯಿಂದಲೇ ಕಂಪ್ಯೂಟರ್ ತೆಗೆದು ನೋಡಿದ, ಎಲ್ಲಾ ಮುಗಿದೈತೆ ಅಂತ ತೋರಿಸ್ತು. ಅಂದಮ್ಯಾಲೆ ತನಗೇನೂ ಇಲ್ಲ ಅಂದ್ಕಂಡ. ತಾನೇ ಬರೆದದ್ದಲ್ಲಮ್ಮ ಆ ಎರಡು ಸಾಲು? ಅದಕ್ಕ ಎಷ್ಟು ಗೊತ್ತು ಅಂತ ಅವನಿಗೆ ಗೊತ್ತಿರಬೇಕಿತ್ತು... ಜ್ವರ ಬಿಟ್ಟಿತು, ಆಸ್ಪತ್ರೆಗೆ ಅಂತ ಯಾರೂ ಅನ್ನಲಿಲ್ಲ. ಅವನ ಹೆಂಡ್ತಿ ಆಮ್ಯಾಲೆ ಹೇಳಿದ್ಲು, ಮೂರು ದಿನಾನೂ ಐದು ಗಂಟೆಗೆ ಎದ್ದು ಕುಂತು, ಹೊಡೀದಿರೋ ಫೋನು ಕಿವಿಗೆ ಹಿಡ್ಕಂಡು, ‘ಇಲ್ರೀ, ನಂದೂ ಇನ್ನೂ ಬಂದಿಲ್ಲ’ ಅಂತಿದ್ನಂತೆ.

“ಮೂರನೇ ದಿನ ಹೋದ. ವಾಣಿ ಅವನ ಫೈಲು ಹುಡುಕಿ ತೆಗೆದ್ಲು. ಹೆಸರು ಅವನದೇ. ವಿಳಾಸ... ಮಸ್ತಾನಸಾಬ್ & ಸನ್ಸ್, ಗಾದಿ ಅಂಗಡಿ ಹಿಂದೆ, ಹರಿಹರ.”

ಕೃತಿಕಾ ಪರದೆಯ ಕಡೆ ತಿರುಗಿದಳು. ಮೂರು ಗಂಟೆಗೆ ಸ್ಕ್ರಿಪ್ಟು ನಿಂತಾಗ ಪರದೆಯ ಮೇಲೆ ಮೂಡಿದ್ದ ಕೆಂಪು ಸಾಲನ್ನು ಅವಳು ಪೂರ್ತಿ ಓದಿರಲಿಲ್ಲ. ಅದರಲ್ಲಿ ಆ ಗುರುತು ಇತ್ತೆಂಬುದು ಈಗ ನೆನಪಾಯಿತು.

“ನಾನು ಅವತ್ತೇ ಹರಿಹರಕ್ಕ ಹೋಗಿ ರಾಮಚಂದ್ರಪ್ಪನೋರ ಮುಂದೆ ಎಲ್ಲಾ ಹೇಳ್ದೆ,” ಎಂದು ಮುದುಕ ಮುಂದುವರಿಸಿದ. “ಹೊಡೀತಾರೆ ಅಂದ್ಕಂಡಿದ್ದೆ. ಆ ಪುಣ್ಯಾತ್ಮ ಕೂಡ್ರಿ ಅಂದು ನೀರು ಕೊಟ್ಟ. ಮಾಲೀಕರಿಗೂ ಹೇಳ್ದೆ. ಆ ಸ್ಕ್ರಿಪ್ಟು ತೆಗೆಸಿ, ನಾಲ್ಕು ವರ್ಷ ಕೈಯಾಗೇ ರಿಪೋರ್ಟು ಹೊಡೆದ್ವಿ. ಹೆಸರು ಕೂಗೋದು ಆಗ ಶುರುವಾದದ್ದು. ಕೊನೆಗೆ ಆಯಮ್ಮನ ಹೆಸರು ಕೂಗಿ, ನಿಮ್ದು ಬಂತಮ್ಮ, ಒಂಬತ್ತು ಸಾವಿರ, ತಡ ಆತು, ತಪ್ಪು ನಮ್ದು ಅಂತ ಹೇಳ್ತೀನಿ. ಟ್ಯೂಬು ಬರೋದು ನಿಂತು ನಾಲ್ಕು ವರ್ಷ ಆತು... ಆಯಮ್ಮ ಬರೋದು ನಿಂತೈತೆ ಅಂತ ನಾ ಹೇಳಲ್ಲ.”

ಅಷ್ಟು ಹೇಳಿ ಅವನು ರಿಜಿಸ್ಟರು ತೆಗೆದ. ವಾಣಿ ಮೊಬೈಲಿನ ಬೆಳಕು ಹಿಡಿದಳು.

ಆವತ್ತು ಎಪ್ಪತ್ತೆರಡು ಹೆಸರು. ಹೊಸ ಸ್ಕ್ರಿಪ್ಟು ಅವಳದೇ ಆದ್ದರಿಂದ ‘ಹೋತು’ ಎನ್ನುವ ಸರದಿ ಕೃತಿಕಾಳದು. ಮಲೆಬೆನ್ನೂರಿನವು ಮುಗಿದವು. ಪಿ.ಜೆ. ಬಡಾವಣೆಯವು ಮುಗಿದವು. ಪ್ರತಿ ಹೆಸರಿಗೂ ಪಟ್ಟಿ ನೋಡಿ ಹೋತು, ಹೋತು ಎನ್ನುತ್ತ ಬಂದಳು. ಹರಿಹರದ್ದು ಶುರುವಾಯಿತು.

“ಫಿರ್ದೌಸ್. ಏಳು ವರ್ಷ. ತಂದೆ ಹಿದಾಯತ್, ಗಾದಿ ಅಂಗಡಿ ಹಿಂದೆ, ಹರಿಹರ.”

ಪಟ್ಟಿಯಲ್ಲಿ ಆ ಹೆಸರಿರಲಿಲ್ಲ. ಪಟ್ಟಿಯ ಕೆಳಗೆ ‘ಎಲ್ಲಾ ಮುಗಿದಿದೆ’ ಎಂದು ಇತ್ತು. ಒಂದು ಮಾತು ಹೇಳಿಬಿಟ್ಟರೆ ಕೆಲಸ ಉಳಿಯುತ್ತದೆ, ನಾಳೆ ಬೆಳಿಗ್ಗೆ ಬೇಗ ಬಂದು ಯಾರಿಗೂ ಗೊತ್ತಾಗದ ಹಾಗೆ ಆ ಮಗುವಿನ ರಿಪೋರ್ಟು ಕಳಿಸಬಹುದು. ಆ ಯೋಚನೆ ಬಂದದ್ದು ನಿಜ. ತನಗೆ ಅಂಥ ಯೋಚನೆ ಬಂತಲ್ಲ ಎಂದೇ ಅವಳಿಗೆ ತನ್ನ ಮೇಲೆ ಹೆದರಿಕೆಯಾಯಿತು.

“ಹೋಗಿಲ್ಲ,” ಎಂದಳು. “ನಾನೂ ಅದೇ ಎರಡು ಸಾಲು ಬರೆದೀನಿ ಅಜ್ಜಾರೆ. ನಾನೂ ಬಿಟ್ಟುಬಿಟ್ಟೀನಿ.”

ಯಾರೂ ಅವಳನ್ನು ಬೈಯಲಿಲ್ಲ. ವಾಣಿ ಎದ್ದು ಮಷೀನಿನಲ್ಲಿ ಹುಡುಕಿದಳು. ಹನ್ನೊಂದು ಸಾವಿರ, ಎಂದಳು. ಅಷ್ಟರಲ್ಲಿ ಅಬ್ರಾರ್ ನಂಬರು ಒತ್ತಿ ಮೊಬೈಲನ್ನು ಮೇಜಿನ ಮೇಲೆ ಎಲ್ಲರಿಗೂ ಕೇಳುವಂತೆ ಇಟ್ಟಿದ್ದ.

“ಹಿದಾಯತ್ ಭಾಯ್, ಲ್ಯಾಬಿಂದ ಅಬ್ರಾರ್. ನಿಮ್ಮ ಫಿರ್ದೌಸಂದು ಪ್ಲೇಟ್ಲೆಟ್ಟು ಹನ್ನೊಂದು ಸಾವಿರ ಐತೆ. ಜ್ವರ ಇಲ್ಲ ಅಂತ ಕೂಡಬ್ಯಾಡ್ರಿ, ಈಗಿಂದೀಗಲೇ ದೊಡ್ಡಾಸ್ಪತ್ರೆಗೆ ಕರ್ಕಂಡ್ ಹೋಗ್ರಿ. ಗಾಡಿ ಐತೇನು?”

“ಐತೆ, ಪಕ್ಕದಮನೆ ಆಟೋ ಐತೆ,” ಎಂದಿತು ಆ ಕಡೆಯ ದನಿ, ಗಾಬರಿಯಲ್ಲಿ. ಯಾರನ್ನೋ ಕೂಗಿ ಮಗುವನ್ನು ಎತ್ತಿಕೊಳ್ಳಲು ಹೇಳಿದ್ದು, ಬಾಗಿಲು ತೆಗೆದದ್ದು, ಮಳೆಯ ಸದ್ದು ಎಲ್ಲ ಕೇಳಿತು. ಆಮೇಲೆ ಹಿದಾಯತ್ ಮತ್ತೆ ಮಾತಾಡಿದ. “ನಿಮ್ಮೋರು ಯಾರನ್ನಾದ್ರೂ ಕಳಿಸಿದ್ರೇನ್ರಿ? ಐದು ಗಂಟೆಯಿಂದ ಒಬ್ಬ ಅಮ್ಮ ನಮ್ಮ ಕಟ್ಟೆ ಮ್ಯಾಲೆ ಮಳ್ಯಾಗ ಕುಂತಿದ್ರು. ಒಳಗ ಬರ್ರಿ ಅಂದ್ರೆ ಬರಲಿಲ್ಲ. ಮೊಬೈಲು ಕೈಯಾಗ ಇತ್ತು. ಆಗಾಗ ಮಗಿ ಕಡೆ ನೋಡಿ, ಬಂತೇನ್ರಿ ಅಂತ ಕೇಳ್ತಿದ್ರು. ಯಾರಿಗೋ ಕಾಯ್ತಾರೆ ಅಂದ್ಕಂಡ್ವಿ.”

“ಈಗ ಅದಾರೇನು?” ಎಂದು ಕೇಳಿದವನು ಮುರುಗೇಶಪ್ಪ.

“ಇಲ್ರಿ. ನೀವು ಹನ್ನೊಂದು ಸಾವಿರ ಅಂದ್ರಲ್ಲ, ಆಗ ಎದ್ದು ಹೋದ್ರು. ದಾವಣಗೆರೆ ರಸ್ತೆ ಕಡೆ.”

ಫೋನು ಕಟ್ಟಾಯಿತು. ಮಗು ಉಳಿಯುತ್ತದೆ ಎಂದು ಅಬ್ರಾರ್ ಎರಡು ಸಲ ಹೇಳಿದ, ಸರಿಯಾದ ಹೊತ್ತಿಗೆ ಗೊತ್ತಾಯಿತು ಎಂದ. ಕೃತಿಕಾಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅದು ಮಗುವಿಗಾಗಿಯೋ ತನಗಾಗಿಯೋ ಅವಳಿಗೆ ತಿಳಿಯಲಿಲ್ಲ.

ಮುದುಕ ಉಳಿದ ಹೆಸರುಗಳನ್ನು ಕೂಗಿ ಮುಗಿಸಿದ. ರಿಜಿಸ್ಟರು ಮುಚ್ಚಿದ. ಆಮೇಲೆ ಎದ್ದು, ಗೋಡೆಗೆ ಒರಗಿಸಿದ್ದ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು, ಪಂಚೆಯ ತುದಿಯಿಂದ ಒರೆಸಿ, ಕೃತಿಕಾಳ ಹಿಂದೆ ಬಾಗಿಲಿನ ಹತ್ತಿರ ಇಟ್ಟ. ಒಳಗಿದ್ದವರು ನಾಲ್ವರು, ನಾಲ್ವರಿಗೂ ಕೂರಲು ಜಾಗವಿತ್ತು.

“ಕೊನೇ ಹೆಸರು ದಿನಾ ನಾನೇ ಕೂಗ್ತಿದ್ದೆ,” ಎಂದ. “ಇವತ್ತು ನೀ ಕೂಗ್ಬೇಕಮ್ಮ. ಬಿಟ್ಟೋರು ಯಾರೋ, ಅವರ ಬಾಯಿಂದಾನೇ ಕೇಳ್ಬೇಕು ಅಂತ ಬರ್ತಾಳ.”

“ಹರಿಹರದಿಂದ ಇಲ್ಲಿಗೆ ಬಸ್ಸಿಗೇ ಅರ್ಧ ತಾಸು ಬೇಕಲ್ಲ ಅಜ್ಜಾರೆ...”

“ಬಸ್ಸಿಗೆ ಬೇಕು,” ಎಂದ ಮುರುಗೇಶಪ್ಪ.

ಕೃತಿಕಾ ಹೆಸರು ಕೂಗಿದಳು. ದನಿ ಅವಳಿಗೇ ಸರಿಯಾಗಿ ಕೇಳಲಿಲ್ಲ. ಹಿಂದೆ ಪ್ಲಾಸ್ಟಿಕ್ ಕುರ್ಚಿ ಯಾರೋ ಕೂತ ಹಾಗೆ ಕಿರ್ರೆಂದಿತು. ಅದರ ಕೆಳಗೆ ನೆಲದ ಮೇಲೆ ಒಂದೊಂದೇ ಹನಿ ನೀರು ತೊಟ್ಟಿಕ್ಕುವ ಸದ್ದು ಶುರುವಾಯಿತು. ಎದುರಿಗಿದ್ದ ವಾಣಿ ತಲೆ ತಗ್ಗಿಸಿದಳು. ಅಬ್ರಾರ್ ಕಣ್ಣು ಮುಚ್ಚಿಕೊಂಡಿದ್ದ. ಮುದುಕ ಮಾತ್ರ ಕೃತಿಕಾಳ ಭುಜದ ಮೇಲಿಂದ ಆಚೆ, ದಿನಾ ಕಾಣುವವರನ್ನು ನೋಡುವಂತೆ ನೋಡುತ್ತಿದ್ದ.

“ನಿಮ್ದು ಬಂತಮ್ಮ, ತಪ್ಪು ನಮ್ದು ಅಂತ ಹೇಳು, ಸಾಕು,” ಎಂದ ಮೆತ್ತಗೆ. “ಕೇಳ್ಕಂಡು ಎದ್ದು ಹೋಗ್ತಾಳ. ಆದ್ರೆ ತಿರುಗಿ ನೋಡಿ ಹೇಳಬ್ಯಾಡ.”